ಎರಡು ಮತ್ತು ನಾಲ್ಕು

ಸಾಗರ ರಸ್ತೆಯ ಟೈರ್ ಅಂಗಡಿಯ ಮೇಲೆ ಬಾಡಿಗೆ ಕೋಣೆ.
ಅರ್ಧ ನನ್ನದು, ಅರ್ಧ ಇದರದು:
ಮೂವತ್ತಾರು ಪಟ್ಟಿ, ಅಡಿಯಲ್ಲಿ ಕೊಳವೆ, ಕಾಲಿಗೊಂದು ಪೆಡಲು.
ಇರಬೇಕಾದದ್ದು ಮೂವತ್ತೇಳು.

ಭದ್ರಾವತಿಯಲ್ಲಿ ಯಾವುದೋ ಕ್ಲಬ್ಬು ಬಾಗಿಲು ಹಾಕಿದಾಗ
ಗುಜರಿಯ ತಕ್ಕಡಿ ಏರಿತ್ತು. ಅಲ್ಯೂಮಿನಿಯಂ, ಕೇಜಿಗಿಷ್ಟು.
"ಇದೇನಮ್ಮ, ಮಂಚವೋ?" ಅಂದ ಗುಜರಿಯವ.
ಬೆರಳ ಗೆಣ್ಣಿನಿಂದ ಒಂದು ಪಟ್ಟಿ ತಟ್ಟಿದೆ.
ಸದ್ದು ತಕ್ಕಡಿ ಇಳಿದು, ರಸ್ತೆ ದಾಟಿ,
ಎದುರು ಬೇಕರಿಯ ಗಾಜಿನ ತನಕ ಹೋಗಿ ಬಂತು.
ಅದಕ್ಕೆ ಅವನು ದುಡ್ಡು ಕೇಳಲಿಲ್ಲ.

ಹಗಲು ಸಹಕಾರಿ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ
ಒದ್ದೆ ಸ್ಪಂಜಿಗೆ ಬೆರಳೊತ್ತಿ ನೋಟು ಎಣಿಸುತ್ತೇನೆ.
ಸಂಜೆ ಅದೇ ಬೆರಳ ಸಂದಿಗೆ ನಾಲ್ಕು ಕೋಲು, ಕೈಗೆ ಎರಡೆರಡು.
ಬಿಸಿ ಪಾತ್ರೆ ಇಳಿಸುವ ಇಕ್ಕಳದಂತೆ ಅಂದುಕೊಂಡಿದ್ದೆ.
ಅಲ್ಲ. ಇಕ್ಕಳಕ್ಕೆ ಒಂದೇ ಬುದ್ಧಿ.
ಇಲ್ಲಿ ಒಳಗಿನ ಕೋಲು ನುಡಿಯುವಾಗ
ಹೊರಗಿನದು ಉಸಿರು ಹಿಡಿದು ಕಾಯಬೇಕು.
ಹೆಬ್ಬೆರಳ ಬುಡದಲ್ಲಿ ಬೊಕ್ಕೆ.
ನಿನ್ನೆ ಐನೂರರ ಒಂದೇ ಕಟ್ಟು ಎರಡು ಸಲ ತಪ್ಪಿದೆ.
ಮ್ಯಾನೇಜರು ಕನ್ನಡಕ ಮೇಲೇರಿಸಿ ನೋಡಿದರು, ಕೇಳಲಿಲ್ಲ.

ಕೋಲಿನ ತಲೆಯ ನೂಲು ಹರಿದರೆ ಈ ಊರಲ್ಲಿ ಎಲ್ಲಿ ಹುಡುಕಲಿ?
ತಂಗಿಯ ಮಗುವಿಗೆಂದು ಹೆಣೆಯಲು ಹೊರಟು
ತೋಳಿನಲ್ಲಿ ಕೈಬಿಟ್ಟ ಸ್ವೆಟರಿನ ಉಣ್ಣೆ ಸುತ್ತಿದ್ದೇನೆ,
ಎಡಕ್ಕೆ ಹಳದಿ, ಬಲಕ್ಕೆ ಗುಲಾಬಿ.

ಮೊದಲು ಸ್ವರಸಾಲು. ಹನ್ನೆರಡು ಶ್ರುತಿ,
ಒಂದೊಂದರಲ್ಲೂ ಹತ್ತಿ ಇಳಿಯುವುದು.
ನಡುವಿನ ಎಫ್ ಶಾರ್ಪ್ ಇಲ್ಲ. ಅಲ್ಲಿ ಎರಡು ಗೂಟ, ಬರೀ ದಾರ.
ಅಲ್ಲಿಗೂ ಹೊಡೆಯುತ್ತೇನೆ, ಗಾಳಿಗೆ.
ಲೆಕ್ಕ ತಪ್ಪಬಾರದಲ್ಲ, ಕ್ಯಾಷಿನವಳು ನಾನು.

ಆಮೇಲೆ ಅಳಿಸುವ ಅಭ್ಯಾಸ.
ಒಂದು ಕೋಲು ಹೊಸ ಸ್ವರ ಎತ್ತುವ ಗಳಿಗೆಗೆ
ಇನ್ನೊಂದು ಹಳೆಯದರ ಮೇಲೆ ಕೂರಬೇಕು, ಸದ್ದಿಲ್ಲದೆ.
ತಡವಾದರೆ ಎರಡೂ ಕಲೆತು ಕಲಸನ್ನ.
ಬೇಗವಾದರೆ,
ಸಾಲು ನಿಂತವರ ಮೂಗಿನೆದುರು ಕೌಂಟರು ಮುಚ್ಚಿದ ಹಾಗೆ.

ಏಪ್ರಿಲಿನಲ್ಲೊಮ್ಮೆ ಐಸ್‌ಕ್ಯಾಂಡಿ ಗಾಡಿ ಬಂತೆಂದು
ಮೆಟ್ಟಿಲ ಬುಡದಲ್ಲಿ ಮಕ್ಕಳು ಚಿಲ್ಲರೆ ಹಿಡಿದು ನಿಂತಿದ್ದರು.
ಇಳಿದು ಹೋಗಿ ತಪ್ಪೊಪ್ಪಿಕೊಂಡೆ.

ಎಲ್ಲ ಸಹಿಸಬಹುದು, ತಾಳದ್ದೇ ಪಾಡು.
ಹುಟ್ಟಿದಾಗಿನಿಂದ ಈ ಕೈ ಮೊದಲ ಪೆಟ್ಟಿಗೇ ಬೀಳುವುದು:
ಭಜನೆ, ಡೊಳ್ಳು, ಶಾಲೆಯ ಡ್ರಿಲ್ಲು, ಬ್ಯಾಂಕಿನ ಮೊಹರು ಕೂಡ.
ಒಂದು ಅಂದರೆ ದಬ್.
ಜಾಝ್ ಅನ್ನುತ್ತದೆ, ಒಂದನ್ನು ಬಿಡು, ಎರಡಕ್ಕೆ ತಟ್ಟು.
ಮೂರನ್ನೂ ಬಿಡು.
ಮೆಟ್ರೊನೋಮಿನ ವೇಗ ಅರ್ಧಕ್ಕಿಳಿಸಿ
ಆ ಟಿಕ್ಕನ್ನು ಎರಡೆಂದು ನಂಬಲು ಮೂರು ತಿಂಗಳು ಹೆಣಗಿದೆ.
ಸ್ವಲ್ಪ ಮೈಮರೆತರೆ ಅದು ಮೆಲ್ಲನೆ ಒಂದಾಗಿಬಿಡುತ್ತಿತ್ತು,
ದಿಂಬು ಯಾವ ಕಡೆಗಿಟ್ಟರೂ
ನಿದ್ದೆಯಲ್ಲಿ ತಿರುಗಿಕೊಳ್ಳುವ ತಲೆಯಂತೆ.

ಮೊನ್ನೆ ರಾತ್ರಿ ಎಂಟೂವರೆ. ಕೆಳಗೆ ಮೆಕ್ಕೆಜೋಳದ ಲಾರಿ.
ತೌಸೀಫ್ ಸರಳು ಹಿಡಿದು ಸುತ್ತು ಬರುತ್ತಿದ್ದ,
ಗಾಳಿ ಇದೆಯೋ ಇಲ್ಲವೋ ಎಂದು ಟೈರು ತಟ್ಟುತ್ತ.
ಹೆಜ್ಜೆ, ಧಪ್. ಹೆಜ್ಜೆ, ಧಪ್.
ನಾನು ಮೇಲೆ ಬ್ಲೂಸಿನ ಐದನೇ ಅಂಕಣದಲ್ಲಿದ್ದೆ.
ಅವನ ಹೆಜ್ಜೆ ಒಂದು, ಸರಳು ಎರಡು.
ಹೆಜ್ಜೆ ಮೂರು, ಸರಳು ನಾಲ್ಕು.
ಕೋಲುಗಳು ತಾವಾಗಿ ಕುಂಟತೊಡಗಿದವು,
ಉದ್ದ ಗಿಡ್ಡ, ಉದ್ದ ಗಿಡ್ಡ, ಏನು ಸುಖದ ಕುಂಟು!
ಪೆಡಲು ಹೇಳದೆಯೇ ಎದ್ದು ಕೂತಿತು.
ಹಳದಿ ಏನೋ ಕೇಳಿತು,
ಪೂರ್ತಿ ಕೇಳಿಸಿಕೊಳ್ಳದೆ ಗುಲಾಬಿ ಉತ್ತರ ಕೊಟ್ಟಿತು.
ದಾರದ ಜಾಗಕ್ಕೆ ಗಾಳಿ ಹೊಡೆದೆ.
ಆ ಖಾಲಿಗೆ ಸರಿಯಾಗಿ ಕೆಳಗಿನಿಂದ ಧಪ್.

ಹನ್ನೆರಡು ಅಂಕಣದ ಬ್ಲೂಸು. ಹತ್ತೇ ಚಕ್ರದ ಲಾರಿ.
ಹತ್ತನೇ ಅಂಕಣಕ್ಕೆ ಬಂದರೆ ನಾನೊಬ್ಬಳೇ.
ಡ್ರೈವರು ದುಡ್ಡು ಕೊಟ್ಟು ಆಯನೂರಿನ ಕಡೆ ಹೊರಟ.
ಕೋಲು ಹಿಡಿದೇ ಕಿಟಕಿಗೆ ಬಂದೆ.
"ಏನಕ್ಕಾ, ಇವತ್ತು ಚೆನ್ನಾಗಿತ್ತು, ಯಾಕೆ ನಿಲ್ಲಿಸಿದ್ರಿ?"
"ಇನ್ನೊಂದು ಲಾರಿ ಯಾವಾಗ ಬರುತ್ತೋ?"
ಕೈ ಒರೆಸಿಕೊಳ್ಳುತ್ತ ಯೋಚಿಸಿದ.
"ಶನಿವಾರ. ಹದಿನಾಲ್ಕು ಚಕ್ರದ್ದು."